ಮಕ್ಕಳ ಫುಟ್‌ಬಾಲ್ ಪಂದ್ಯದಲ್ಲಿ ಆಟಗಾರನಿಗೆ ಗಾಯವಾದಾಗ ಉಳಿದವರು ಹೇಗೆ ನಡೆದುಕೊಳ್ಳಬೇಕು?

ಆಟ ನಿಲ್ಲಿಸುವ ಅಧಿಕಾರ ರೆಫರಿಯದು. ಗಾಯ ಗಂಭೀರವೆನಿಸಿದರೆ ಅವರು ತಕ್ಷಣ ಸೀಟಿ ಊದುತ್ತಾರೆ. ಸಣ್ಣದೆನಿಸಿದರೆ ಚೆಂಡು ಗೆರೆಯಾಚೆ ಹೋಗುವವರೆಗೆ ಆಟ ಮುಂದುವರಿಯಬಹುದು. ಆಟ ನಿಂತ ಮೇಲೆ ಮಕ್ಕಳು ಗಾಯಾಳುವನ್ನು ಮುತ್ತಿಕೊಳ್ಳದೆ, ದೂರ ಸರಿದು, ಒಂದು ಮಂಡಿಯೂರಿ ಕಾಯುವ ರೂಢಿ ಹಲವೆಡೆ ಇದೆ. ಇದು ನಿಯಮವಲ್ಲ, ನಿಂತು ಕಾದರೂ ಅಗೌರವವೇನಿಲ್ಲ. ಆದರೆ ಆ ಬಿಡುವಿನಲ್ಲಿ ಗೋಲಿಗೆ ಚೆಂಡೊದೆದು ಅಭ್ಯಾಸ ಮಾಡುವುದು ಖಂಡಿತ ಸಲ್ಲದು. ತರಬೇತುದಾರರಾಗಲಿ ಪೋಷಕರಾಗಲಿ ರೆಫರಿಯ ಅನುಮತಿಯಿಲ್ಲದೆ ಅಂಕಣಕ್ಕೆ ನುಗ್ಗಬಾರದು. ಗಾಯಾಳು ಎದ್ದಾಗ ಎರಡೂ ತಂಡದವರು ಚಪ್ಪಾಳೆ ತಟ್ಟುತ್ತಾರೆ.

ಸೀಟಿ ಬೀಳುವ ಮೊದಲೇ ಒಂದು ತಂಡ ಬೇಕೆಂದೇ ಚೆಂಡನ್ನು ಹೊರಗೆ ಹಾಕಿದ್ದರೆ, ಎದುರಾಳಿಗಳು ಥ್ರೋ-ಇನ್ (ಬದಿಗೆರೆಯಿಂದ ಕೈಯಲ್ಲಿ ಚೆಂಡೆಸೆಯುವುದು) ಮೂಲಕ ಅದನ್ನು ಆ ತಂಡಕ್ಕೇ ಮರಳಿಸುವುದು ಅಲಿಖಿತ ಸಂಪ್ರದಾಯ. 1999ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಪಂದ್ಯಾವಳಿಯಲ್ಲಿ ಹೀಗೆ ಶೆಫೀಲ್ಡ್ ಯುನೈಟೆಡ್‌ಗೆ ಮರಳಬೇಕಿದ್ದ ಚೆಂಡಿನಿಂದ ಆರ್ಸೆನಲ್ ಗೋಲು ಗಳಿಸಿದಾಗ, ಗೋಲು ನಿಯಮಬದ್ಧವೇ ಆಗಿದ್ದರೂ, ಆರ್ಸೆನಲ್ ವ್ಯವಸ್ಥಾಪಕ ಆರ್ಸೆನ್ ವೆಂಗರ್ ತಾವಾಗಿಯೇ ಮರುಪಂದ್ಯಕ್ಕೆ ಮುಂದಾದರು. ರೆಫರಿಯೇ ಆಟ ನಿಲ್ಲಿಸಿದ್ದರೆ ಈ ಮುಜುಗರವಿಲ್ಲ: ಆಗ ರೆಫರಿ ಚೆಂಡನ್ನು ನೆಲಕ್ಕೆ ಬೀಳಿಸಿ ಆಟ ಮತ್ತೆ ಆರಂಭಿಸುತ್ತಾರೆ, ಇದೇ ಡ್ರಾಪ್ ಬಾಲ್. ಆಟ ನಿಂತಾಗ ಚೆಂಡು ಗೋಲಿನ ಮುಂದಿನ ಪೆನಾಲ್ಟಿ ಆವರಣದ ಹೊರಗಿದ್ದರೆ, 2019ರ ತಿದ್ದುಪಡಿಯಂತೆ ಅದು ಕೊನೆಯದಾಗಿ ಚೆಂಡು ಮುಟ್ಟಿದ ತಂಡಕ್ಕೆ ಸಿಗುತ್ತಿತ್ತು; 2025ರಿಂದ, ಚೆಂಡು ಯಾವ ತಂಡದ ವಶದಲ್ಲಿತ್ತು ಅಥವಾ ವಶವಾಗುತ್ತಿತ್ತು ಎಂಬುದು ರೆಫರಿಗೆ ಸ್ಪಷ್ಟವಿದ್ದರೆ ಆ ತಂಡಕ್ಕೆ, ಇಲ್ಲದಿದ್ದರೆ ಕೊನೆಯದಾಗಿ ಮುಟ್ಟಿದ ತಂಡಕ್ಕೆ ಸಿಗುತ್ತದೆ, ಉಳಿದವರೆಲ್ಲ ಕನಿಷ್ಠ 4 ಮೀಟರ್ ದೂರವಿರಬೇಕು.

ತಲೆಗೆ ಪೆಟ್ಟಾದಾಗ ಮಾತ್ರ ಶಿಷ್ಟಾಚಾರಕ್ಕಿಂತ ಸುರಕ್ಷತೆಯೇ ಮುಖ್ಯ. ಮಿದುಳಿಗೆ ಆಘಾತವಾಗಿರಬಹುದೆಂಬ ಅನುಮಾನವಿದ್ದರೂ ಸಾಕು, ಮಗು ಎಷ್ಟೇ ಹಟ ಮಾಡಿದರೂ ಅಂದು ಮತ್ತೆ ಆಡಿಸಬಾರದು.