ಓದುಗರ ಪ್ರಶ್ನೋತ್ತರ: ಕಡಲ ದಡದ ಉದ್ಯಾನದಲ್ಲಿ ಹಗಲು ಮತ್ತು ಇರುಳು

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವ ಹಿರಿಯರಿಂದ ಪ್ರವಾಸದ ಪ್ರಶ್ನೆಗಳು ಬರುವುದು ನಮ್ಮ ಅಂಕಣಕ್ಕೆ ಹೊಸದಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಷಿಂಗ್ಟನ್ ರಾಜ್ಯದ ಸಾಲ್ಟ್‌ವಾಟರ್ ಸ್ಟೇಟ್ ಪಾರ್ಕ್ ಎಂಬ ಕಡಲಂಚಿನ ಉದ್ಯಾನವನ್ನು ಕುರಿತಿರುವುದರಿಂದ ಅವುಗಳಿಗೆ ಒಟ್ಟಿಗೆ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ಮಗಳು ಮತ್ತು ಅಳಿಯ ಸಿಯಾಟಲ್ ಹತ್ತಿರದ ಕೆಂಟ್‌ನಲ್ಲಿದ್ದಾರೆ. ಜುಲೈನಲ್ಲಿ ನಾವು ಹೋದಾಗ ಈ ಉದ್ಯಾನದಲ್ಲಿ ಡೇರೆ ಹಾಕಿ ಒಂದು ರಾತ್ರಿ ಇರೋಣ ಎನ್ನುತ್ತಿದ್ದಾರೆ. ನನಗೆ 66 ವರ್ಷ, ಯಜಮಾನರಿಗೆ 71. ಅವರಿಗೆ ಮಂಡಿನೋವು ಇದೆ. ಒಪ್ಪಿಕೊಳ್ಳಬಹುದೇ? (ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು)

ಉತ್ತರ: ಹೋಗಲು ಖಂಡಿತ ಒಪ್ಪಿಕೊಳ್ಳಿ, ಆದರೆ ರಾತ್ರಿ ಉಳಿಯುವ ಮಾತನ್ನು ಮೊದಲ ಭೇಟಿಯಲ್ಲೇ ಕೊಡಬೇಡಿ. ಈ ಉದ್ಯಾನ ಸಿಯಾಟಲ್ ಮತ್ತು ಟಕೋಮಾ ನಗರಗಳ ನಡುವೆ, ಪ್ಯೂಜೆಟ್ ಸೌಂಡ್ ಎಂಬ ಕಡಲತೋಳಿನ ಪೂರ್ವ ದಡದಲ್ಲಿದೆ. ತಮ್ಮ ಮಗಳ ಊರಿನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದ ಜಾಗಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳಿದರೆ ನಷ್ಟವೇನೂ ಇಲ್ಲ. ನೀರಿನಾಚೆ ಮೌರಿ ಮತ್ತು ವ್ಯಾಶನ್ ದ್ವೀಪಗಳೂ, ಆಕಾಶ ತಿಳಿಯಾಗಿದ್ದರೆ ಅವುಗಳ ಹಿಂದೆ ಹಿಮ ಹೊತ್ತ ಒಲಿಂಪಿಕ್ ಪರ್ವತಸಾಲೂ ಕಾಣುತ್ತವೆ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗಾದ್ದರಿಂದ, ಸೂರ್ಯಾಸ್ತ ನೋಡಿಕೊಂಡೇ ಮನೆಗೆ ಹೋಗಿ ಮಲಗಬಹುದು.

ರಾತ್ರಿಯ ಬಗ್ಗೆ ಹಿಂಜರಿಕೆ ತೋರಲು ಕಾರಣಗಳಿವೆ. ಡೇರೆಯ ಬಾಗಿಲು ತೆರೆದರೆ ಅಲೆ ಕಾಣುತ್ತದೆ ಎಂಬ ಕಲ್ಪನೆಯಿಂದ ಹೋದವರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಡೇರೆಯ ಜಾಗಗಳು ಮರಳಿನ ಮೇಲಿಲ್ಲ. ಮೆಕ್‌ಸಾರ್ಲಿ ಎಂಬ ತೊರೆಯ ಪಕ್ಕದ ಕಾಡುಕಣಿವೆಯಲ್ಲಿವೆ. ಸಿಯಾಟಲ್–ಟಕೋಮಾ ವಿಮಾನ ನಿಲ್ದಾಣ ಉತ್ತರಕ್ಕೆ ಸಮೀಪದಲ್ಲೇ ಇರುವುದರಿಂದ ತಲೆಯ ಮೇಲೆ ವಿಮಾನಗಳ ಸದ್ದು ಇದ್ದೇ ಇರುತ್ತದೆ. ಜುಲೈ ಅಲ್ಲಿ ಮಳೆ ಅತ್ಯಂತ ಕಡಿಮೆ ಇರುವ ತಿಂಗಳುಗಳಲ್ಲಿ ಒಂದಾದರೂ ರಾತ್ರಿಯ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ, ಅಂದರೆ ನಮ್ಮ ಡಿಸೆಂಬರ್ ಮುಂಜಾವಿಗಿಂತ ತಂಪು. ನೆಲಕ್ಕೆ ಹಾಸುವ ದಪ್ಪ ಮ್ಯಾಟ್ ಇಲ್ಲದಿದ್ದರೆ ಆ ಚಳಿ ಕೆಳಗಿನಿಂದಲೇ ಏರುತ್ತದೆ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ತೊಡಕೆಂದರೆ ನೆಲದಿಂದ ಏಳುವುದು ಮತ್ತು ಕತ್ತಲಲ್ಲಿ ಶೌಚಾಲಯದವರೆಗೆ ನಡೆಯುವುದು. ಮಡಚುವ ಮಂಚವೊಂದನ್ನೂ ತಲೆಗೆ ಕಟ್ಟುವ ದೀಪವೊಂದನ್ನೂ ಅಳಿಯಂದಿರು ಒದಗಿಸುವುದಾದರೆ ಎರಡನೆಯ ಭೇಟಿಯಲ್ಲಿ ಉಳಿಯುವ ಯೋಚನೆ ಮಾಡಬಹುದು.

ಹಗಲು ಹೋಗುವವರ ಕಾರಿಗೆ ಡಿಸ್ಕವರ್ ಪಾಸ್ ಎಂಬ ಪರವಾನಗಿ ಬೇಕು. ಒಂದು ದಿನಕ್ಕೆ 10 ಡಾಲರ್, ವರ್ಷಕ್ಕಾದರೆ ಬೇರೆ ದರ. ಡೇರೆಯ ಶುಲ್ಕ ಕಟ್ಟಿ ಉಳಿದವರಿಗೆ ಅದು ಬೇಡ. ವಾಷಿಂಗ್ಟನ್‌ನ ರಾಜ್ಯ ಉದ್ಯಾನಗಳಲ್ಲಿ ಜಾಗವನ್ನು 9 ತಿಂಗಳ ಮೊದಲೇ ಕಾಯ್ದಿರಿಸಲು ಅವಕಾಶವಿರುವುದರಿಂದ ಬೇಸಿಗೆಯ ಶನಿವಾರ, ಭಾನುವಾರಗಳು ಬೇಗನೆ ತುಂಬಿಹೋಗುತ್ತವೆ. ಒಂದು ಜಾಗದಲ್ಲಿ ಎಂಟು ಜನಕ್ಕಿಂತ ಹೆಚ್ಚು ಇರುವಂತಿಲ್ಲ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರೂವರೆಯವರೆಗೆ ಗದ್ದಲ ಮಾಡುವಂತಿಲ್ಲ. ಬೆಳಿಗ್ಗೆ ಐದಕ್ಕೆದ್ದು ಸುಪ್ರಭಾತ ಹಾಕುವ ಅಭ್ಯಾಸವಿದ್ದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಿ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಒಂದು ವಿಷಯ ಪತ್ರದಲ್ಲಿ ಇರಲಿಲ್ಲ: ಹೋಗುವ ದಿನದ ಉಬ್ಬರವಿಳಿತದ ವೇಳೆ. ಕೆ.ಆರ್.ಎಸ್. ಹಿನ್ನೀರಿಗೆ ಯಾವ ಹೊತ್ತಿಗೆ ಹೋದರೂ ಅಂದಿನ ಮಟ್ಟಿಗೆ ದಡ ಇದ್ದಲ್ಲೇ ಇರುತ್ತದೆ. ಅದೇ ರೂಢಿಯಿಂದ ನಾವು ಕಡಲಿಗೂ ನಮಗೆ ಬಿಡುವಾದಾಗ ಹೋಗುತ್ತೇವೆ. ಸಿಯಾಟಲ್ ಸುತ್ತಮುತ್ತ ದಿನದ ಅತಿ ಎತ್ತರದ ಉಬ್ಬರಕ್ಕೂ ಅತಿ ತಗ್ಗಿನ ಇಳಿತಕ್ಕೂ ನಡುವಿನ ಅಂತರ ಸರಾಸರಿ 11 ಅಡಿ, ನಮ್ಮ ಮಂಗಳೂರಿನಲ್ಲಿ ಕಾಣುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಉಬ್ಬರದ ಹೊತ್ತಿನಲ್ಲಿ ಹೋದವರಿಗೆ ಕಿರಿದಾದ ಜಲ್ಲಿಯ ಪಟ್ಟಿಯಷ್ಟೇ ಸಿಗುತ್ತದೆ. ಅದೇ ದಡಕ್ಕೆ ಇಳಿತದಲ್ಲಿ ಹೋದರೆ ನೀರು ದೂರ ಸರಿದು, ನಕ್ಷತ್ರಮೀನು, ಏಡಿ, ಬಂಡೆಗೆ ಅಂಟಿದ ಚಿಪ್ಪುಪ್ರಾಣಿಗಳೆಲ್ಲ ಕಾಲ ಬುಡದಲ್ಲೇ ಇರುತ್ತವೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇದ್ದರೂ ಅವು ಸಮನಾಗಿರುವುದಿಲ್ಲ; ಒಂದು ಇಳಿತ ಆಳವಾಗಿದ್ದರೆ ಇನ್ನೊಂದು ನೆಪಕ್ಕೆ ಇಳಿದಂತಿರುತ್ತದೆ. ಬೇಸಿಗೆಯಲ್ಲಿ ಆ ಆಳದ ಇಳಿತ ಹಗಲಿನಲ್ಲಿ, ಅದೂ ಮಧ್ಯಾಹ್ನದ ಆಸುಪಾಸಿನಲ್ಲಿ ಬೀಳುವುದು ಪ್ರವಾಸಿಗಳ ಅದೃಷ್ಟ. ಚಳಿಗಾಲದಲ್ಲಿ ಅದು ನಡುರಾತ್ರಿಗೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ಇಳಿತ ಹೆಚ್ಚು, ಅಷ್ಟಮಿಯ ಹತ್ತಿರ ಕಡಿಮೆ ಎಂಬುದನ್ನು ಗೋಡೆಯ ಪಂಚಾಂಗದಿಂದಲೇ ಅಂದಾಜು ಮಾಡಬಹುದಾದರೂ, ನಿಖರ ವೇಳೆಗೆ ಕಡಲು ಮತ್ತು ಹವಾಮಾನವನ್ನು ಗಮನಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನೇ ನೋಡಬೇಕು. ಬೇಸಿಗೆಯಲ್ಲಿ ಸಿಯಾಟಲ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ ಎಂಬುದನ್ನೂ ಮರೆಯಬಾರದು. ಇಳಿತದ ವೇಳೆಗೆ ಒಂದೂವರೆ ಗಂಟೆ ಮೊದಲೇ ದಡದಲ್ಲಿರುವಂತೆ ಹೊರಡಿ. ನೀರು ಸರಿಯುತ್ತಾ ಹೋದಂತೆ ಅದರ ಹಿಂದೆ ನಿಧಾನವಾಗಿ ನಡೆಯಲು ಯಜಮಾನರ ಮಂಡಿಗೂ ಅನುಕೂಲ. ಪಾಚಿ ಹತ್ತಿದ ಕಲ್ಲು ಜಾರುವುದರಿಂದ ಹಿಡಿತವಿರುವ ಶೂ ಮತ್ತು ಊರುಗೋಲು ಕಡ್ಡಾಯ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತವನು ನಾನು. ಉಪ್ಪುನೀರಿನಲ್ಲಿ ದೇಹ ಹೆಚ್ಚು ತೇಲುತ್ತದೆ ಎಂದು ಕೇಳಿದ್ದೇನೆ. ಮಗನ ಊರಾದ ಟಕೋಮಾಕ್ಕೆ ಹೋದಾಗ ಈ ಉದ್ಯಾನದ ದಡದಲ್ಲಿ ಈಜಬಹುದಲ್ಲವೇ? (ರೈತರು, ಪಾಂಡವಪುರ ತಾಲ್ಲೂಕು)

ಉತ್ತರ: ತಾವು ಕೇಳಿದ್ದು ನಿಜ, ಸಾಮಾನ್ಯ ಕಡಲನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ ಈಜುಗಾರನಿಗೆ ತುಸು ಸಹಾಯವಾಗುತ್ತದೆ. ಆದರೆ ಅಲ್ಲಿ ಅಪಾಯ ತರುವುದು ತಣ್ಣಗಿನ ನೀರು. ಆಗಸ್ಟ್‌ನಲ್ಲೂ ಪ್ಯೂಜೆಟ್ ಸೌಂಡ್‌ನ ನೀರು ಸಾಮಾನ್ಯವಾಗಿ 13 ಡಿಗ್ರಿಯ ಸುಮಾರಿನಲ್ಲಿರುತ್ತದೆ. ಅಷ್ಟು ತಣ್ಣನೆಯ ನೀರಿಗೆ ಒಮ್ಮೆಲೇ ಧುಮುಕಿದವರಿಗೆ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ತಲೆ ಮುಳುಗಿದ ಕ್ಷಣದಲ್ಲೇ ತಡೆಯಲಾರದ ಏದುಸಿರು ಬಂದರೆ ಶ್ವಾಸಕೋಶಕ್ಕೆ ನೀರು ಸೇರುತ್ತದೆ. ಅದನ್ನು ದಾಟಿದವರ ಕೈಕಾಲುಗಳೂ ಹತ್ತು ನಿಮಿಷ ಕಳೆದ ಮೇಲೆ ಸೆಟೆಯತೊಡಗುತ್ತವೆ. ಹೃದಯದ ತೊಂದರೆ ಇರುವವರಿಗಂತೂ ಮೊದಲ ನಿಮಿಷವೇ ಅಪಾಯಕಾರಿ. ಈಜು ಬಲ್ಲವರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಬಲ್ಲವರೇ ಹೆಚ್ಚು ದೂರ ಹೋಗುತ್ತಾರೆ ಎಂಬುದೂ ಅದಕ್ಕೆ ಕಾರಣವಿರಬಹುದು.

ನಾಲೆಯ ನೀರಿಗೆ ಒಂದೇ ದಿಕ್ಕು, ಎರಡು ಏರಿಗಳ ಆಸರೆ. ಕಡಲತೋಳಿನಲ್ಲಿ ಉಬ್ಬರವಿಳಿತದೊಂದಿಗೆ ಸೆಳೆತದ ದಿಕ್ಕೇ ಬದಲಾಗುತ್ತದೆ. ಅಲ್ಲಿ ಮುಳುಗುಗಾರರು ನೀರಿನಡಿಯ ಕೃತಕ ಬಂಡೆಸಾಲನ್ನು ನೋಡಲು ಇಳಿಯುವುದನ್ನು ತಾವು ಕಾಣಬಹುದು, ಆದರೆ ಅವರು ಚಳಿ ತಡೆಯುವ ದಪ್ಪ ಉಡುಪು ತೊಟ್ಟ ತರಬೇತಿ ಪಡೆದವರು. ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಲು ತೊಳೆದುಕೊಳ್ಳುವಷ್ಟಕ್ಕೆ ತಾವು ತೃಪ್ತರಾಗಬೇಕೆಂಬುದು ನಮ್ಮ ಸಲಹೆ.

ಪ್ರಶ್ನೆ: ಕ್ಯಾಂಪಿನಲ್ಲಿ ಸೌದೆ ಒಲೆ ಹೂಡಿ ಮುದ್ದೆ, ಸೊಪ್ಪಿನ ಸಾರು ಮಾಡಬೇಕೆಂಬ ಆಸೆ. ದಡದಲ್ಲಿ ಬಿದ್ದಿರುವ ಮರದ ತುಂಡುಗಳನ್ನು ಉರಿಸಬಹುದೇ? (ಗೃಹಿಣಿ, ಮದ್ದೂರು)

ಉತ್ತರ: ಉರಿಸಬಾರದು. ತೇಲಿಬಂದ ಮರದ ದಿಮ್ಮಿಗಳು ದಡದ ಮಣ್ಣನ್ನು ಹಿಡಿದಿಡುತ್ತವೆ, ಪುಟ್ಟ ಜೀವಿಗಳಿಗೆ ನೆಲೆಯಾಗಿರುತ್ತವೆ. ಉಪ್ಪು ಹೀರಿದ ಮರದ ಹೊಗೆಯೂ ಒಳ್ಳೆಯದಲ್ಲ. ಡೇರೆಯ ಜಾಗದಲ್ಲಿ ಅವರೇ ಇಟ್ಟಿರುವ ಕಬ್ಬಿಣದ ಬಳೆಯೊಳಗೆ ಮಾತ್ರ ಬೆಂಕಿ ಹಾಕಬಹುದು. ಸೌದೆಯನ್ನು ಹತ್ತಿರದಲ್ಲೇ ಕೊಳ್ಳಬೇಕು, ಏಕೆಂದರೆ ದೂರದಿಂದ ತಂದ ಕಟ್ಟಿಗೆಯೊಳಗೆ ಮರ ಕೊರೆಯುವ ಹುಳುಗಳೂ ಪ್ರಯಾಣ ಮಾಡುತ್ತವೆ. ಒಣ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಬೆಂಕಿಯನ್ನೇ ನಿಷೇಧಿಸುವ ದಿನಗಳು ಬರುತ್ತವೆ. ಆದ್ದರಿಂದ ಸಣ್ಣ ಗ್ಯಾಸ್ ಒಲೆಯೊಂದು ಜೊತೆಯಲ್ಲಿರಲಿ, ಅದಕ್ಕೂ ಅಂದು ಅನುಮತಿ ಇದೆಯೇ ಎಂದು ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಮುದ್ದೆಯ ವಿಚಾರದಲ್ಲಿ ನಮಗೆ ಅನುಮಾನವಿದೆ. ಗಾಳಿಗೆ ಓಲಾಡುವ ಉರಿಯಲ್ಲಿ, ಹಗುರವಾದ ಕ್ಯಾಂಪ್ ಪಾತ್ರೆಯನ್ನು ಕಾಲಿನಿಂದ ಒತ್ತಿಹಿಡಿಯಲೂ ಆಗದೆ ಕೋಲಿನಿಂದ ತೊಳಸುವುದು ಗಂಟಿಗೂ ಸುಟ್ಟಗಾಯಕ್ಕೂ ದಾರಿ. ಮುದ್ದೆಯನ್ನು ಮನೆಯಲ್ಲೇ ಮಾಡಿ ಬಿಸಿ ಕಾಯುವ ಡಬ್ಬಿಯಲ್ಲಿ ಒಯ್ದು, ಸಾರನ್ನು ಅಲ್ಲಿ ಕುದಿಸಿಕೊಳ್ಳುವುದು ಜಾಣತನ. ಹಗಲಿನ ಊಟಕ್ಕೆ ಚಿತ್ರಾನ್ನ, ಮೊಸರನ್ನಗಳಿಗಿಂತ ಒಳ್ಳೆಯದು ಇಲ್ಲ. ಈ ಉದ್ಯಾನದಲ್ಲಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಕೆಲಸವಿಲ್ಲದ ಯುವಕರಿಗಾಗಿ ಸರ್ಕಾರ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆ ನಿರ್ಮಾಣ ಕೆಲಸಗಳನ್ನು ಮಾಡಿದೆ. ಊಟಕ್ಕೆ ಕುಳಿತಾಗ ಆ ಕಾಲದ ಕಲ್ಲು, ಮರದ ಕೆಲಸವನ್ನು ಗಮನಿಸಿ.

ಉಳಿದ ಅನ್ನವನ್ನು ಹೊರಗೆ ಬಿಡಬೇಡಿ. ರಕೂನ್ ಎಂಬ ಪ್ರಾಣಿ ಬೆಕ್ಕಿಗಿಂತ ದೊಡ್ಡದು, ಮುಂಗಾಲುಗಳನ್ನು ಕೈಗಳಂತೆ ಬಳಸಿ ಡಬ್ಬಿಯ ಮುಚ್ಚಳ ತೆಗೆಯಬಲ್ಲದು. ಚಾಮುಂಡಿಬೆಟ್ಟದ ಕೋತಿಗಳ ಜೊತೆ ವ್ಯವಹರಿಸಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ರಾತ್ರಿ ಎಲ್ಲ ತಿನಿಸೂ ಕಾರಿನೊಳಗೆ ಇರಬೇಕು.

ಪ್ರಶ್ನೆ: ಮೊಮ್ಮಕ್ಕಳು ಚಿಪ್ಪು, ಏಡಿ ಎಂದು ಏನಾದರೂ ಎತ್ತಿಕೊಂಡು ಬಂದರೆ ತೊಂದರೆಯೇ? (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಜೀವವಿರುವ ಯಾವುದನ್ನೂ ತರಬಾರದು. ಮಗು ಕಲ್ಲೊಂದನ್ನು ಎತ್ತಿ ಅಡಿಯಲ್ಲಿ ನೋಡಿದರೆ, ಮೊದಲಿದ್ದಂತೆಯೇ ಮೆಲ್ಲಗೆ ಇಡುವುದನ್ನು ಕಲಿಸಿ. ಮಗುಚಿಬಿಟ್ಟ ಕಲ್ಲಿನಡಿಯ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಸೀಲ್ ಎಂಬ ಕಡಲಪ್ರಾಣಿಯ ಮರಿ ಒಂಟಿಯಾಗಿ ದಡದಲ್ಲಿ ಮಲಗಿದ್ದರೆ ಅದು ಸಾಮಾನ್ಯವಾಗಿ ಅನಾಥವಲ್ಲ, ತಾಯಿ ಮೇವಿಗೆ ಹೋಗಿರುತ್ತದೆ; 100 ಗಜ ದೂರ ಇರಬೇಕೆಂಬುದು ಅಲ್ಲಿಯ ಸೂಚನೆ. ಮರುವಾಯಿಯಂಥ ಚಿಪ್ಪುಗಳನ್ನು ತಿನ್ನಲೆಂದು ಆರಿಸುವುದು ಬೇಡವೇ ಬೇಡ. ಕೆಲವು ಬಗೆಯ ಪಾಚಿಯನ್ನು ತಿಂದ ಚಿಪ್ಪುಗಳಲ್ಲಿ ಸೇರಿಕೊಳ್ಳುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಶರತ್ಕಾಲದಲ್ಲಿ ಹೋಗುವವರಿಗೆ ಮಾತ್ರ ಸಿಗುವ ನೋಟವೊಂದಿದೆ: ಸಾಲ್ಮನ್ ಮೀನುಗಳು ಕಡಲಿನಿಂದ ಮೆಕ್‌ಸಾರ್ಲಿ ತೊರೆಗೆ ಏರಿ ಮೊಟ್ಟೆಯಿಡಲು ಬರುತ್ತವೆ. ಆಗ ತೊರೆಗೆ ಇಳಿಯದೆ, ಕಲ್ಲು ಎಸೆಯದೆ ಮೇಲಿನಿಂದ ನೋಡಬೇಕು.

ಪ್ರಶ್ನೆ: ನಮಗೆ ಅಮೆರಿಕದಲ್ಲಿ ಯಾರೂ ಇಲ್ಲ. ಮಂಡ್ಯದಿಂದ ಹೋಗಿಬರಲು ಇಂಥದ್ದೇ ಕಡಲ ದಡ ಯಾವುದಿದೆ? (ಬ್ಯಾಂಕ್ ನೌಕರರು, ಮಂಡ್ಯ)

ಉತ್ತರ: ಕಡಲೆಂದರೆ ಮಂಗಳೂರು ಎಂದೇ ನಾವು ಲೆಕ್ಕ ಹಾಕುತ್ತೇವೆ. ಮೈಸೂರಿನಿಂದ ಮಡಿಕೇರಿ, ಸಂಪಾಜೆ, ಪುತ್ತೂರು ಮಾರ್ಗವಾಗಿ ಅದು ಸುಮಾರು 250 ಕಿಲೋಮೀಟರ್, ಆದ್ದರಿಂದ ಒಂದೇ ದಿನದಲ್ಲಿ ಹೋಗಿಬರುವುದು ಕಾರಿನಲ್ಲಿ ಕೂರುವ ಪ್ರವಾಸವಷ್ಟೇ ಆಗುತ್ತದೆ. ಒಂದು ರಾತ್ರಿ ಉಳಿಯುವುದಾದರೆ ಉಡುಪಿ ಜಿಲ್ಲೆಯ ಪಡುಬಿದ್ರಿಗೆ ಹೋಗಬಹುದು. ಹೊನ್ನಾವರದ ಕಾಸರಕೋಡಿನ ಜೊತೆಗೆ ಅದಕ್ಕೂ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲ ದಡಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಉಳಿಯಲು ಊರೊಳಗೆ ಕೋಣೆ ಹಿಡಿಯಿರಿ. ಮರಳಿನ ಮೇಲೆ ಡೇರೆ ಹಾಕುವುದಿದ್ದರೆ ಸ್ಥಳೀಯ ಪೊಲೀಸರ ಒಪ್ಪಿಗೆ ಇಲ್ಲದೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ನೀರಿಗೆ ಇಳಿಯುವ ಮಾತೇ ಬೇಡ. ಉಳಿದ ತಿಂಗಳುಗಳಲ್ಲೂ ಜೀವರಕ್ಷಕರು ಗುರುತಿಸಿದ ಗಡಿಯೊಳಗೇ ಇರಬೇಕು. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಹೊರಕ್ಕೆ ಸೆಳೆಯುವ ಪ್ರವಾಹ ಇರಬಹುದು. ಅದಕ್ಕೆ ಸಿಕ್ಕವರು ದಡದ ಕಡೆಗೆ ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು.

ಆದರೆ ಮೈಸೂರು ಸೀಮೆಗೆ ಹೆಚ್ಚು ಹತ್ತಿರದ ಕಡಲು ಕೇರಳದ ತಲಶ್ಶೇರಿ–ಕಣ್ಣೂರು ಭಾಗದ್ದು. ವಿರಾಜಪೇಟೆ, ಮಾಕುಟ್ಟ ಘಾಟಿ, ಇರಿಟ್ಟಿ ದಾಟಿದರೆ ಮೈಸೂರಿನಿಂದ ನಾಲ್ಕೈದು ಗಂಟೆಯ ದಾರಿ. ಮಂಡ್ಯದವರು ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು. ಅಲ್ಲಿಯ ಮುಳಪ್ಪಿಲಂಗಾಡ್ ದಡದ ಮರಳು ಎಷ್ಟು ಗಟ್ಟಿಯೆಂದರೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಕಾರನ್ನೇ ಓಡಿಸುತ್ತಾರೆ. ಮಳೆಗಾಲ ಬಿಟ್ಟು, ವಾಹನ ಬಿಡುವ ದಿನಗಳಲ್ಲಿ ಹೋಗಿ. ಕಾರನ್ನು ನೀರಿನಂಚಿಗೆ ಒಯ್ಯುವ ಮೊದಲು ಅಂದಿನ ಉಬ್ಬರದ ವೇಳೆಯನ್ನು ಅಲ್ಲಿಯ ಅಂಗಡಿಯವರಲ್ಲಿ ಕೇಳಿ, ಊಟಕ್ಕೆ ಕೂರುವ ಮುನ್ನ ಅದನ್ನು ಮೇಲಿನ ರಸ್ತೆಗೆ ತಂದು ನಿಲ್ಲಿಸಿ. ಒದ್ದೆ ಮರಳಿನಲ್ಲಿ ಚಕ್ರ ಹೂತ ಮೇಲೆ ಏರುವ ನೀರಿಗೆ ಮುಂಚೆ ಕಾರನ್ನು ಎಳೆಸುವುದು ಕಷ್ಟ, ಎಂಜಿನ್‌ಗೆ ಉಪ್ಪುನೀರು ಹೊಕ್ಕರೆ ರಿಪೇರಿಯ ಖರ್ಚು ಪ್ರವಾಸದ ಖರ್ಚನ್ನು ಮೀರುತ್ತದೆ.