ಮರದ ಆಟಿಕೆಗೂ ಐಎಸ್‌ಐ ಗುರುತು ಬೇಕು, ಆದರೆ ನಿಮಗೊಂದು ದಾರಿ ಇದೆ

ನಮಸ್ಕಾರ. ಸಕಲೇಶಪುರದಲ್ಲಿ ಮನೆಯಲ್ಲೇ ಸಿಲ್ವರ್ ಓಕ್ ಮರದ ತುಂಡಿನಿಂದ ಗಾಡಿ, ಗಿಲಕಿ ಮಾಡಿ ಮಾರ್ತೀರಿ, ಐಎಸ್‌ಐ ಬೇಕಾ ಅಂತ ಕೇಳಿದ್ದೀರಿ.

ಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಇದು ಕಡ್ಡಾಯ. ಮನೆ ಕೆಲಸ, ಸಣ್ಣ ವ್ಯಾಪಾರ ಅಂದ ಮಾತ್ರಕ್ಕೆ ಬಿಡುವುದಿಲ್ಲ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಮೊದಲು ಆ ನೋಂದಣಿಯ ಗುರುತಿನ ಚೀಟಿಗೆ, ಅಂದ್ರೆ ಪೆಹಚಾನ್ ಕಾರ್ಡಿಗೆ ಅರ್ಜಿ ಹಾಕಿ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತಿನಿಂದ (ಆ ಊರಿನ ಹೆಸರಿಗೇ ಕೊಟ್ಟ ಜಿಐ ಟ್ಯಾಗ್) ಸಿಗುವ ವಿನಾಯಿತಿ ನಮ್ಮ ಕಡೆಯ ಕೆಲಸಕ್ಕೆ ಸಿಗಲ್ಲ.

ಕಾರ್ಡ್ ಸಿಕ್ಕಿತು ಅಂತ ಸುಮ್ನೆ ಇರಬೇಡಿ. ಗಿಲಕಿ ಸೀದಾ ಮಗುವಿನ ಬಾಯಿಗೇ ಹೋಗುತ್ತೆ ಅಲ್ವಾ? ನನಗೆ ಜಾಸ್ತಿ ಭಯ ಗಾಡಿಯ ಚಕ್ರದ್ದು. ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚಿದ ತುಂಡು 31.7 ಮಿಲಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಹಿಡಿಸಿದರೆ, ಅದು ಗಂಟಲಿಗೆ ಸಿಕ್ಕುವಷ್ಟು ಚಿಕ್ಕದು ಅಂತ ಲೆಕ್ಕ. ಚಕ್ರ ದೊಡ್ಡದಾಗಿ ಮಾಡಿ, ಎಳೆದು ನೋಡಿ. ಬಾಗಿಲಿಗೆ ಹೊಡೆದು ಉಳಿದ ಪೇಂಟ್ ಬಳಿಯಲೇಬೇಡಿ, ಹಳೇ ಡಬ್ಬಿಯಲ್ಲಿ ಸೀಸ ಇರಬಹುದು. ಅರಗಿನ ಬಣ್ಣ ತಗೊಂಡರೂ ಅದಕ್ಕೆ ಬೆರೆಸಿದ್ದೇನು ಅಂತ ಅಂಗಡಿಯವರನ್ನು ಕೇಳಿ.