ಹೊಸ ಹೆಸರು ಹೇಳಿದರೆ ಮುಚ್ಚಿಟ್ಟಂತಾಗುತ್ತಾ?

ಪ್ರಶ್ನೆ: ನನಗೆ 28 ವರ್ಷ. ಆರು ವರ್ಷದಿಂದ ಡಯಾಬಿಟಿಸ್ ಇನ್ಸಿಪಿಡಸ್ ಇದೆ. ದಿನಾ ಡೆಸ್ಮೋಪ್ರೆಸಿನ್ ಮಾತ್ರೆ ತಗೊಳ್ಳುತ್ತೇನೆ. ಈಚೆಗೆ ಡಾಕ್ಟರು ಚೀಟಿಯಲ್ಲಿ 'ಆರ್ಜಿನಿನ್ ವಾಸೊಪ್ರೆಸಿನ್ ಡಿಫಿಷಿಯೆನ್ಸಿ' ಎಂದು ಬರೆದರು. ನಾನು ಮದುವೆಯಾಗಲಿರುವ ಹುಡುಗನಿಗೆ ಹೊಸ ಹೆಸರನ್ನಷ್ಟೇ ಹೇಳು, ಡಯಾಬಿಟಿಸ್ ಅನ್ನಬೇಡ ಅಂತಾರೆ ಅಮ್ಮ. ಇದು ಮೋಸ ಅಲ್ವಾ?

ಉತ್ತರ: ಹೊಸ ಹೆಸರು ಹೇಳುವುದರಲ್ಲಿ ಮೋಸ ಏನೂ ಇಲ್ಲ. ಹೆಸರು ಹೇಳಿ ಸುಮ್ಮನಾದರೆ ಮಾತ್ರ ತಪ್ಪು.

ನಿಜ ಹೇಳಬೇಕೆಂದರೆ ದಾರಿ ತಪ್ಪಿಸುತ್ತಿದ್ದದ್ದು ಹಳೆಯ ಹೆಸರೇ. ಹಿಂದಿನ ಕಾಲದ ವೈದ್ಯರು ರೋಗಿಯ ಮೂತ್ರದ ರುಚಿ ನೋಡುತ್ತಿದ್ದರು (ಹೌದು, ನಾಲಿಗೆಯಿಂದಲೇ!). ಸಿಹಿ ಇದ್ದರೆ ಮೆಲಿಟಸ್ (ಅಂದರೆ ಸಕ್ಕರೆ ಕಾಯಿಲೆ), ಸಪ್ಪೆ ಇದ್ದರೆ ಇನ್ಸಿಪಿಡಸ್. ವಿಪರೀತ ಮೂತ್ರ ಹೋಗುತ್ತದೆ ಎಂಬುದು ಬಿಟ್ಟರೆ ಎರಡಕ್ಕೂ ನಂಟಿಲ್ಲ. ನಿಮಗೆ ಕಡಿಮೆಯಾಗಿರುವುದು ವಾಸೊಪ್ರೆಸಿನ್. 'ನೀರು ಉಳಿಸಿಕೋ' ಎಂದು ಕಿಡ್ನಿಗೆ ಹೇಳುವ ಹಾರ್ಮೋನು ಅದು. ನಿಮ್ಮ ಡೆಸ್ಮೋಪ್ರೆಸಿನ್ ಮಾತ್ರೆ ಅದರ ಬದಲಿಗೆ ಕೆಲಸ ಮಾಡುತ್ತದೆ.

2022ರಲ್ಲಿ ಹಲವು ದೇಶಗಳ ಹಾರ್ಮೋನು ತಜ್ಞರು ಸೇರಿ ಈ ಹೆಸರು ಬದಲಿಸಲು ಹೇಳಿದರು. ಬೇರೆ ಯಾವುದಕ್ಕೋ ಆಸ್ಪತ್ರೆ ಸೇರಿದವರ ಫೈಲಿನಲ್ಲಿ 'ಡಯಾಬಿಟಿಸ್' ಅಂತಷ್ಟೇ ಓದಿಕೊಂಡು, ಸಕ್ಕರೆ ಪರೀಕ್ಷೆ ಮಾಡುತ್ತಾ ಕೂತು, ಡೆಸ್ಮೋಪ್ರೆಸಿನ್ ಕೊಡದೇ ಜೀವ ಹೋದದ್ದೂ ಇದೆ. 1034 ರೋಗಿಗಳನ್ನು ಕೇಳಿದ ಒಂದು ಸಮೀಕ್ಷೆಯಲ್ಲಿ ಶೇ 80ರಷ್ಟು ಜನ, ಆಸ್ಪತ್ರೆಯವರೇ ತಮ್ಮದನ್ನು ಸಕ್ಕರೆ ಕಾಯಿಲೆ ಅಂದುಕೊಂಡಿದ್ದರು ಎಂದರು. ಶೇ 85ರಷ್ಟು ಜನ ಹೆಸರು ಬದಲಾಗಲಿ ಎಂದರು.

ಹಾಗಾಗಿ ಅಮ್ಮನ ಮಾತಿನಲ್ಲಿ ಅರ್ಧ ಸರಿ. ಇನ್ನರ್ಧಕ್ಕೆ ಅವರ ಭಯ ಕಾರಣ, ಅದೂ ಅರ್ಥವಾಗುವಂಥದ್ದೇ. ಆದರೆ ಹಳೆಯ ಫೈಲು ಒಂದಲ್ಲ ಒಂದು ದಿನ ಆ ಹುಡುಗನ ಕೈಗೆ ಸಿಕ್ಕೇ ಸಿಗುತ್ತದೆ. ಆಗ ವಿವರಿಸುವುದಕ್ಕಿಂತ ಈಗಲೇ ಹೀಗೆ ಹೇಳಿಬಿಡಿ: "ನನ್ನ ದೇಹದಲ್ಲಿ ನೀರು ಹಿಡಿದಿಡುವ ಹಾರ್ಮೋನು ಸಾಲದು. ಮಾತ್ರೆ ತಪ್ಪಿದರೆ ಬಾಯಿ ಒಣಗುತ್ತೆ, ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತೆ. ಮೊದಲು ಇದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಅಂತಿದ್ದರು. ಇದು ಸಕ್ಕರೆ ಕಾಯಿಲೆ ಅಲ್ಲ." ಎರಡು ನಿಮಿಷದ ಮಾತು.

ಮದುವೆಯಾಗುವವರಿಗೆ ಇದು ಗೊತ್ತಿರಲೇಬೇಕು. ನೀವು ಎಚ್ಚರ ತಪ್ಪಿದರೆ ಡಾಕ್ಟರಿಗೆ ಹೇಳಬೇಕಾದವರು ಅವರೇ ಅಲ್ವಾ? ಹೊಸ ಹೆಸರು ಇನ್ನೂ ಎಲ್ಲ ಆಸ್ಪತ್ರೆಯವರ ಬಾಯಲ್ಲೂ ಕೂತಿಲ್ಲ. ಒಂದು ಚೀಟಿಯಲ್ಲಿ ಹೊಸ ಹೆಸರು, ಪಕ್ಕದಲ್ಲೇ ಹಳೆಯದು, ಕೆಳಗೆ 'ಡೆಸ್ಮೋಪ್ರೆಸಿನ್ ನಿಲ್ಲಿಸಬೇಡಿ' ಎಂದು ಬರೆದು ಪರ್ಸಿನಲ್ಲಿಡಿ. ಅದರದ್ದೊಂದು ಫೋಟೊ ಅವರ ಫೋನಿನಲ್ಲೂ ಇರಲಿ.